ಆನೆಕೊಂಡದಲ್ಲಿ ಕಳೆದ ಏಷ್ಯಾಡ್ ಪಾಸು

ಟ್ರಂಕು ತೆರೆದೇ ಇತ್ತು. ಬಟ್ಟೆ ಇತ್ತು, ರೈಲಿನ ಟಿಕೆಟ್ ಇತ್ತು — ಪಾಸು ಮಾತ್ರ ಇರಲಿಲ್ಲ!

ರೌಫ್ ಮತ್ತೊಮ್ಮೆ ಟ್ರಂಕು ಬೋರಲು ಹಾಕಿದ. ಅದು ೧೯೮೨ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ನಡೆಯಲಿದ್ದ ಏಷ್ಯಾಡ್ ಕ್ರೀಡಾಕೂಟದ ಉದ್ಘಾಟನೆಯ ಪಾಸು. ಮನೆ ಬಿಟ್ಟು ಹೋಗಿ ಮಿಲಿಟರಿ ಸೇರಿದ್ದ ಅವನ ತಮ್ಮ ಹಿದಾಯತ್ ಈಗ ದೇಶದ ಓಟಗಾರ. ಆ ದಿನ ತಂಡದ ಜೊತೆ ಕ್ರೀಡಾಂಗಣದಲ್ಲಿ ಹೆಜ್ಜೆ ಹಾಕುವವನು. ಮನೆಯವರಲ್ಲಿ ಒಬ್ಬರಾದರೂ ನೋಡಲಿ ಎಂದು ಅವನು ರೌಫನಿಗೆ ಕಳಿಸಿದ್ದು ಒಂದೇ ಒಂದು ಪಾಸು. ಮಧ್ಯಾಹ್ನದ ರೈಲು ತಪ್ಪಿದರೆ ಉದ್ಘಾಟನೆಯೂ ತಪ್ಪಿದಂತೆಯೇ.

ಆನೆಕೊಂಡದ ಆ ಮನೆಗೆ ನಾನು ಬಂದದ್ದು ನಮ್ಮ ಭಾವ ಪಂಚಾಕ್ಷರಪ್ಪನವರ ಬೆನ್ನಿಗೆ. ಪೊಲೀಸ್ ದಫೇದಾರಿಕೆಯಿಂದ ನಿವೃತ್ತರಾದರೂ ಕೇರಿಯವರ ಕರೆ ಅವರಿಗೆ ತಪ್ಪಿಲ್ಲ. ಅವರದು ಆಮೆ ನಡಿಗೆ. ನನಗೋ ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ. ಬಂದವರೇ ಚಾಪೆಯ ಮೇಲೆ ಕೂತು ಚಹಾ ಕುಡಿಯತೊಡಗಿದಾಗ ನನಗೆ ಮೈಯೆಲ್ಲ ಉರಿಯಿತು.

"ಗಿಡ್ಡಪ್ಪಂದೇ ಕೆಲಸ!" ರೌಫನ ಅಪ್ಪ ಜಮಾಲ್ ಸಾಬ್ ಗುಡುಗಿದರು. ಮಂಡಕ್ಕಿ ಭಟ್ಟಿಯ ಯಜಮಾನರು, ಮೆಲ್ಲಗೆ ಮಾತಾಡಿ ಗೊತ್ತಿಲ್ಲ. "ಪಕ್ಕದ ಮನ್ಯಾಗೇ ಕಳ್ಳನ್ನ ಇಟ್ಕಂಡು ಊರೆಲ್ಲ ಯಾಕ ಹುಡುಕ್ತೀರಿ?"

ಬಾಗಿಲಲ್ಲಿ ನಿಂತಿದ್ದ ಗಿಡ್ಡಪ್ಪ ಕೆರಳಿದ. "ಪಾಸು ನನಗ ಕೊಡೋ ಅಂತ ರೌಫನ್ನ ಕೇಳಿದ್ದು ಖರೆ. ಕೇಳೋದು ಕಳ್ಳತನ ಏನ್ರಿ?"

"ಒಳಗ ಬಂದಿದ್ದೇನು?" ಭಾವ ಕೇಳಿದರು.

"ಹೊಸ್ತಿಲು ಸೈತ ದಾಟಿಲ್ರಿ."

ಅವನ ಮನೆ ಹುಡುಕಿಸೋಣ ಎಂದೆ ನಾನು. ಭಾವ ಕಿವಿಗೇ ಹಾಕಿಕೊಳ್ಳಲಿಲ್ಲ.

"ರೌಫ್, ಹಿದಾಯತ್ ಪಾಸು ನಿನಗ್ಯಾಕ ಕಳಿಸಿದ? ಅಪ್ಪಗೆ ಯಾಕಿಲ್ಲ?"

"ಅವನ ಹೆಸರು ಎತ್ತಂಗಿಲ್ಲ ಅಂತ ಅಬ್ಬಾ ಹಟ ಹಿಡಿದಾರ್ರಿ. ಕಾಗದ ಬಂದ್ರೆ ಭಟ್ಟಿಗೆ ಹಾಕ್ತಾರೆ."

"ಹಾಕ್ತೀನಿ! ಭಟ್ಟಿ ಬಿಟ್ಟು ಓಡಿದೋನು ನನಗ ಮಗ ಅಲ್ಲ!"

ಹಾಗಾದರೆ ಪಾಸೂ ಬೂದಿಯಾಯಿತೆ?

ಅಷ್ಟರಲ್ಲಿ ರೌಫನ ತಾಯಿ ಜೈನಾಬಿ ಒಳಗಿನಿಂದ ಬಂದು, ಗೂಟಕ್ಕೆ ಹಾಕಿದ್ದ ಬುರ್ಖಾಕ್ಕೆ ಕೈ ಚಾಚಿದರು. ಸೆರಗಿನ ಕೆಳಗೆ ಬಲತೋಳಿನ ಬಳಿ ಹಸಿರು ಬಟ್ಟೆ ಇಣುಕಿ ಮರೆಯಾಯಿತು.

"ಎಲ್ಲಿಗೆ ಹೊಂಟ್ರಿ ಅಕ್ಕಾ?" ಭಾವ ಕೇಳಿದರು.

"ಹರಿಹರಕ್ಕೆ. ನಮ್ಮಣ್ಣ ಬಡೇಸಾಬ್‌ಗೆ ಹುಷಾರಿಲ್ಲ."

ಭಾವ ಲೋಟ ಕೆಳಗಿಟ್ಟರು. "ರೌಫ್, ಅಂಗಿ ತೋಳು ಏರ್ಸು." ಏರಿಸಿದ. ಬರಿದು.

"ದೂರ ಹೊಂಟೋರ ಬಲತೋಳಿಗೆ ನೀವು ಇಮಾಮ್ ಜಾಮಿನ್ ಕಟ್ತೀರಿ. ನಾಣ್ಯ ಸುತ್ತಿದ ಬಟ್ಟೆ. ಹೋದೋರು ಸುಖವಾಗಿ ಮುಟ್ಲಿ ಅಂತ. ಇವತ್ತು ದಿಲ್ಲಿಗೆ ಹೊಂಟ ಮಗನಿಗೆ ಯಾರೂ ಕಟ್ಟಿಲ್ಲ. ಹರಿಹರಕ್ಕೆ ಹೊಂಟ ತಾಯಿಗೆ ಕಟ್ಟಾರೆ! ಅಕ್ಕಾ, ಇಲ್ಲೇ ಮಗ್ಗುಲಿನ ಹರಿಹರಕ್ಕೆ ಯಾರಾದ್ರೂ ಇದನ್ನ ಕಟ್ಟಿಸ್ಕಂತಾರಾ?"

ಜೈನಾಬಿ ಕುಸಿದು ಕೂತರು. ಕೈಚೀಲದಿಂದ ಪಾಸು ಹೊರಬಂತು. "ಆರು ವರ್ಷ ಆತ್ರಿ ಮಗನ ಮಾರಿ ನೋಡಿ. ಹರಿಹರದಾಗೆ ರೈಲು ಹತ್ತಿಸ್ಕಂಡು ದಿಲ್ಲಿತನಕ ಕರ್ಕಂಡು ಹೋಗ್ತೀನಿ ಅಂದಿದ್ದ ಅಣ್ಣ."

ಸಿಟ್ಟು ಬರುವುದರ ಬದಲು ರೌಫನ ಕಣ್ಣು ತುಂಬಿತು.

"ಮುಗೀತಲ್ಲ ಭಾವ, ಏಳ್ರಿ," ಎಂದೆ.

"ಎಲ್ಲಿ ಮುಗೀತು? ಪಾಸು ಸಿಕ್ತು, ಕಳ್ಳ ಸಿಕ್ಕಿಲ್ಲ. ತನ್ನ ಬಲತೋಳಿಗೆ ತಾನೇ ಎಡಗೈಲಿ ಹಿಂಗೆ ಬಿಗಿಯಾಗಿ ಗಂಟು ಹಾಕೋಕೆ ಆಗಂಗಿಲ್ಲ. ಇನ್ನೊಬ್ರು ಕಟ್ಟಬೇಕು. ಈ ಮನ್ಯಾಗೆ ಇರೋರು ಮೂರೇ ಮಂದಿ. ರೌಫ್ ಕಟ್ಟಿಲ್ಲ." ಭಾವ ತಿರುಗಿದರು. "ಎಲ್ಲರಿಗಿಂತ ದೊಡ್ಡದಾಗಿ ಕೂಗಾಡಿದೋರು ನೀವು, ಜಮಾಲ್ ಸಾಬ್. ಅಕ್ಕ ದಿಲ್ಲಿಗೆ ಹೊಂಟದ್ದು ಗೊತ್ತಿದ್ದೂ ಗಿಡ್ಡಪ್ಪನ ಮೇಲೆ ಹಾಕಿದ್ರಿ. ಪಾಸು ತೆಗೆದೋರೂ ನೀವೇ. ಕಟ್ಟಿದೋರೂ ನೀವೇ."

ಜಮಾಲ್ ಸಾಬರ ಅಬ್ಬರವೆಲ್ಲ ಇಳಿದುಹೋಯಿತು.

"ಕೇಳಿದ್ರೆ ಕೊಡ್ತಿರಲಿಲ್ವಾ ಅಬ್ಬಾ?" ರೌಫ್ ಪಾಸನ್ನು ತಾಯಿಯ ಕೈಗೇ ಮರಳಿಸಿದ.

"ಕೊಡ್ತಿದ್ದಿ. ಆದ್ರೆ ಕೇಳಬೇಕಂದ್ರೆ ಅವನ ಹೆಸರು ಎತ್ತಬೇಕಾಗಿತ್ತು." ಅವರು ಗಿಡ್ಡಪ್ಪನ ಕಡೆ ನೋಡಿ ಕೈ ಮುಗಿದರು. "ತಪ್ಪಾತಪ್ಪ."

"ಅದಿರ್ಲಿ, ರೈಲು ತಪ್ಪೀತು. ಗಾಡಿ ತರ್ತೀನಿ," ಎಂದು ಗಿಡ್ಡಪ್ಪ ಬೀದಿಗೆ ಓಡಿದ.

ಜೈನಾಬಿ ಬುರ್ಖಾ ತೊಟ್ಟು ಹೊಸ್ತಿಲಲ್ಲಿ ನಿಂತರು. "ಅವನಿಗೆ ಏನು ಹೇಳ್ಲಿ?"

"ಹಿದಾಯತ್‌ಗೆ..." ಎಂದರು ಜಮಾಲ್ ಸಾಬ್. ಮತ್ತೆ, "ಹಿದಾಯತ್‌ಗೆ..."