ಹಸಿವಿಲ್ಲದೆ ಬಂದ ಹಕ್ಕಿ

"ಬಿಡ್ರೀ ಅದನ್ನ! ಹಕ್ಕಿ ಹಿಡಿಯೋದು ಹಾಗಲ್ಲ!"

ಮಹಡಿ ಹತ್ತಿ ಓಡಿಬಂದವಳೇ ಅವಳು ಆ ಸೈನಿಕನ ಕೈ ಮೇಲೆ ಫಟ್ಟನೆ ಒಂದು ಕೊಟ್ಟಳು. ಅವನ ಮುಷ್ಟಿಯಲ್ಲಿ ಅವಳ ಮುದ್ದಿನ ಬೂದು ಪಾರಿವಾಳ, ಬೂದಿ, ಕಣ್ಣು ಕಣ್ಣು ಬಿಡುತ್ತಿತ್ತು.

ಅವನು ಬೆಚ್ಚಿ ಕೈ ಸಡಿಲಿಸಿದ. "ಕ್ಷಮಿಸಿ ಮೇಡಂ... ನಾನು ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡ್ತಿದ್ದವನು. ಹಕ್ಕಿ ಹಿಡಿದು ಅಭ್ಯಾಸ ಇಲ್ಲ."

"ಚಪ್ಪಲಿ ಮಾರೋರಿಗೆ ನನ್ನ ಪಾರಿವಾಳ ಯಾಕ್ರೀ?"

"ನನಗಲ್ಲ, ಯುದ್ಧಕ್ಕೆ." ತಲೆ ತಗ್ಗಿಸಿದವನ ಕಣ್ಣು ಅವಳ ಪಾದದ ಮೇಲೆ ಬಿತ್ತು. "ಮೇಡಂ... ನಿಮ್ಮ ಚಪ್ಪಲಿ ಒಂದು ಸೈಜ್ ದೊಡ್ಡದಾಯ್ತು."

ಎಂಥಾ ಉದ್ಧಟತನ! ಅವಳ ಮೈ ಉರಿದುಹೋಯಿತು. ಆದರೆ ಅವನು ಹೇಳಿದ್ದು ನಿಜವೇ ಆಗಿತ್ತು. ಅದು ತೀರಿಹೋದ ಅಪ್ಪನ ಚಪ್ಪಲಿ. ಈ ಪಾರಿವಾಳದ ಗೂಡುಗಳೂ ಅಪ್ಪ ಬಿಟ್ಟುಹೋದವೇ.

ಹೊಳೆಯಾಚೆ ಗುಡ್ಡದ ಮೇಲೆ ಸೈನ್ಯದ ಒಂದು ಠಾಣೆ ಇತ್ತು. ಅಲ್ಲಿಗೆ ಎಳೆದ ಟೆಲಿಫೋನ್ ತಂತಿಯನ್ನು ಶತ್ರುಗಳ ಶೆಲ್ ಮತ್ತೆ ಮತ್ತೆ ತುಂಡರಿಸುತ್ತಿತ್ತು. ಹಾಗಾಗಿ ಅವಳ ಹಕ್ಕಿಗಳನ್ನು ಬುಟ್ಟಿಯಲ್ಲಿ ಒಯ್ದು, ಸುದ್ದಿ ಕಟ್ಟಿ ಹಾರಿಸಬೇಕೆಂದು ಆಜ್ಞೆಯಾಗಿತ್ತು. ಸುದ್ದಿ ಓದಲು ಕೆಳಗೆ ದೊಡ್ಡಮ್ಮನ ಇಸ್ತ್ರಿ ಅಂಗಡಿಯಲ್ಲೇ ಒಬ್ಬ ಕ್ಯಾಪ್ಟನ್ ಮೇಜು ಹಾಕಿಕೊಂಡು ಕುಳಿತ.

ಬೇಡ ಎನ್ನಲು ಅವಳು ಯಾರು? ಯುದ್ಧ ಯಾರ ಮನೆಯ ಬಾಗಿಲಲ್ಲೂ ಅಪ್ಪಣೆ ಕೇಳಿ ಒಳಗೆ ಬರುವುದಿಲ್ಲ.

ಆ ವಾರವೆಲ್ಲ ಅವಳೇ ಅವನಿಗೆ ಕಲಿಸಿದಳು. ಬೆರಳ ನಡುವೆ ಕಾಲು ಸಿಕ್ಕಿಸಿ, ಹೆಬ್ಬೆರಳಿಂದ ಬೆನ್ನು ಒತ್ತದೆ ಹಿಡಿಯುವುದು. ಎದೆ ಮೇಲಿನ ಕಾಳುಚೀಲವನ್ನು ಸವರಿ ಹೊಟ್ಟೆ ತುಂಬಿದೆಯಾ ನೋಡುವುದು.

"ಒಂದು ಮಾತು ಮರೀಬೇಡಿ. ಹಾರಿಸೋ ಮುಂಚೆ ಕಾಳು ಹಾಕಬಾರದು. ಹೊಟ್ಟೆ ತುಂಬಿದ್ರೆ ಮರದ ಮೇಲೆ ಕೂತು ನಿದ್ದೆ ಹೊಡೆಯುತ್ತೆ. ಹಸಿದ ಹಕ್ಕಿಗೇ ಮನೆ ನೆನಪಾಗೋದು."

"ಮನುಷ್ಯರೂ ಹಾಗೇ ಅಲ್ವಾ?" ಅವನು ನಕ್ಕ.

"ತಲೆಹರಟೆ ಬೇಡ. ಕಾಲು ಸರಿಯಾಗಿ ಹಿಡೀರಿ."

"ಕಾಲು ಹಿಡಿಯೋದ್ರಲ್ಲಿ ನಾನು ಎತ್ತಿದ ಕೈ ಮೇಡಂ! ಅದೇ ನನ್ನ ಉದ್ಯೋಗ!"

ಅವಳಿಗೆ ನಗು ತಡೆಯಲಾಗಲಿಲ್ಲ. ಅದು ಕೆಳಗೆ ಇಸ್ತ್ರಿ ಹಾಕುತ್ತಿದ್ದ ದೊಡ್ಡಮ್ಮನ ಕಿವಿಗೂ ಬಿತ್ತು.

"ಏನೇ ಪುಟ್ಟಿ, ಚಪ್ಪಲಿ ಸಾಹೇಬನ ಪಾಠ ಇನ್ನೂ ಮುಗೀಲಿಲ್ವಾ?"

"ನಾನೇನೂ ನಗ್ತಿರಲಿಲ್ಲ ದೊಡ್ಡಮ್ಮ!"

"ನಕ್ಕೆ ಅಂತ ನಾನೆಲ್ಲಿ ಅಂದೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಳಂತೆ!"

ಹೊರಡುವ ದಿನ ಬಂದೇಬಿಟ್ಟಿತು. ಬುಟ್ಟಿ ಬೆನ್ನಿಗೇರಿಸಿಕೊಂಡು, ಮಹಡಿಯ ಬಾಗಿಲಲ್ಲಿ ಅವನು ನಿಂತ.

"ನಾನು ಕಳಿಸಿದ್ದಕ್ಕೆ ನೀವು ಉತ್ತರ ಕಳಿಸೋಕಾಗುತ್ತಾ?"

"ಇಲ್ಲ. ಪಾರಿವಾಳಕ್ಕೆ ಮನೆಗೆ ಬರೋದು ಮಾತ್ರ ಗೊತ್ತು. ಹೋಗೋಕೆ ಗೊತ್ತಿಲ್ಲ."

"ಹಾಗಾದ್ರೆ ಈಗಲೇ ಕೇಳಿಬಿಡ್ತೀನಿ." ಅವನು ಬುಟ್ಟಿಯ ಪಟ್ಟಿ ಬಿಗಿಮಾಡಿಕೊಂಡ. "ಎಲ್ಲ ಮುಗಿದ ಮೇಲೆ... ಈ ಮನೆಗೆ ನಾನೂ ಬರಬಹುದಾ?"

'ಬಾ' ಅನ್ನುವುದು ಎಷ್ಟು ಸಣ್ಣ ಮಾತು! ಆದರೆ ಹಾಳು ಬಿಗುಮಾನ ಗಂಟಲಿಗೆ ಅಡ್ಡ ಕೂತಿತ್ತು.

"ಮೊದಲು ನನ್ನ ಹಕ್ಕಿಗಳು ಬರಲಿ. ಆಮೇಲೆ ನೋಡೋಣ!"

ಅವನು ತಲೆಯಾಡಿಸಿ ಇಳಿದುಹೋದ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಆಡದೆ ಉಳಿದ ಮಾತಿನ ಗತಿ ಏನು? ಅದನ್ನು ಯಾರೂ ಹೇಳಿಕೊಡುವುದಿಲ್ಲ.

ಒಂದೊಂದೇ ಹಕ್ಕಿ ಹಿಂತಿರುಗತೊಡಗಿತು. ಕಾಲಿನ ಕೊಳವೆಯಲ್ಲಿದ್ದ ಚೀಟಿಯನ್ನು ಕ್ಯಾಪ್ಟನ್ ಟೆಲಿಫೋನಿನಲ್ಲಿ ಮೇಲಿನವರಿಗೆ ಗಟ್ಟಿಯಾಗಿ ಓದುತ್ತಿದ್ದ. ಶೆಲ್ ಬೀಳುತ್ತಿದೆ. ಮದ್ದುಗುಂಡು ಕಳಿಸಿ. ಕುಡಿಯಲು ನೀರಿಲ್ಲ. ಕಾಳು ಮುಗಿಯಿತು, ಇನ್ನು ಬಿಸ್ಕತ್ತು ಮಾತ್ರ.

ಅವಳು ಮೆಟ್ಟಿಲ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುವಳು. ತನಗೆಂದು ಒಂದಾದರೂ ಮಾತು... ಇಲ್ಲ, ಇರುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಎಲ್ಲೋ ದೂರದ ಮಳೆಗೆ ಹೊಳೆ ಉಕ್ಕಿತು. ಶತ್ರುವಿನ ಶೆಲ್ಲಿಗೆ ಬೀಳದ ಸೇತುವೆಯನ್ನು ನೀರು ಒಂದೇ ಮಧ್ಯಾಹ್ನದಲ್ಲಿ ಎಳೆದುಕೊಂಡು ಹೋಯಿತು. ಇಲ್ಲಿಂದ ಒಂದು ಕಾಳು ಕೂಡ ಗುಡ್ಡಕ್ಕೆ ಹೋಗುವಂತಿರಲಿಲ್ಲ.

ಅಲ್ಲಿ ಉಳಿದಿದ್ದದ್ದು ಬೂದಿ ಒಂದೇ.

ಒಂದು ಸಂಜೆ ಅದೂ ಬಂತು. ಬಹಳ ನಿಧಾನವಾಗಿ, ಸೂರಿನಿಂದ ಸೂರಿಗೆ ಕೂತು ಕೂತು ಬಂತು. ಕ್ಯಾಪ್ಟನ್ ಏದುಸಿರು ಬಿಡುತ್ತಾ ಮಹಡಿಗೆ ಓಡಿಬಂದು ಕೊಳವೆ ಬಿಚ್ಚಿದ.

ಖಾಲಿ!

"ಓಡಿಹೋಗಿದ್ದಾನೆ," ಅವನು ಹಲ್ಲು ಕಚ್ಚಿದ. "ಹೊರೋದು ಭಾರ ಅಂತ ಹಕ್ಕಿ ಬಿಟ್ಟು ಓಡಿದ್ದಾನೆ, ಹೇಡಿ!"

ಅವಳು ಬೂದಿಯನ್ನು ಎತ್ತಿಕೊಂಡಾಗ ಹೆಬ್ಬೆರಳು ಅಭ್ಯಾಸಬಲದಿಂದ ಅದರ ಕಾಳುಚೀಲ ಸವರಿತು. ತುಂಬಿತ್ತು!

'ತಿನ್ನಿಸಿ ಹಾರಿಸಿದ್ದಾನೆ! ನಾನು ಹೇಳಿದ್ದ ಒಂದೇ ಒಂದು ಮಾತು, ಅದನ್ನೂ ಮರೆತನಾ? ಅಷ್ಟೇನಾ ನಾನು ಅವನಿಗೆ?'

ಸಿಟ್ಟಿಗೆ ಕಣ್ಣು ತುಂಬಿತು. ಮತ್ತೆ ಸವರಿದಳು. ಬೆರಳು ಅಲ್ಲೇ ನಿಂತಿತು.

ಕಾಳಾದರೆ ಬೆರಳಿಗೆ ಹರಳು ಹರಳಾಗಿ ಸಿಗಬೇಕು. ಇದು ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು. ಕಾಳು ಅಲ್ಲ, ಬಿಸ್ಕತ್ತು... ಕಲ್ಲಿನಂಥ ಆ ಬಿಸ್ಕತ್ತನ್ನು ಪಾರಿವಾಳ ಕುಕ್ಕಲಾರದು. ನೆನೆಸೋಣವೆಂದರೆ ಅಲ್ಲಿ ನೀರಿಲ್ಲ. ಅಂದರೆ ಯಾರೋ ಬಾಯಲ್ಲಿ ಜಗಿದು, ಮೆತ್ತಗೆ ಮಾಡಿ, ತಾನು ನುಂಗದೆ ತಿನ್ನಿಸಿದ್ದಾರೆ.

"ಕ್ಯಾಪ್ಟನ್ ಸರ್..." ಅವಳು ಹಕ್ಕಿಯನ್ನು ಅವನ ಮುಂದೆ ಹಿಡಿದಳು. "ಅವರು ಓಡಿಹೋಗಿಲ್ಲ. ತಮ್ಮ ಪಾಲಿನ ತುತ್ತನ್ನ ಇದಕ್ಕೆ ಕೊಟ್ಟಿದ್ದಾರೆ. ಓಡಿಹೋಗೋರು ಯಾರಾದ್ರೂ ಹೀಗೆ ಮಾಡ್ತಾರಾ?"

ಕ್ಯಾಪ್ಟನ್ ತಾನೂ ಮುಟ್ಟಿ ನೋಡಿದ.

"ಸರಿ ಕಣಮ್ಮ, ನಂಬ್ತೀನಿ. ನಂಬಿ ಏನು ಮಾಡ್ಲಿ ಹೇಳು? ಈ ನೀರಲ್ಲಿ ಯಾವ ದೋಣಿಯೂ ನಿಲ್ತಿಲ್ಲ."

ಅವನು ಟೋಪಿ ಕೈಯಲ್ಲಿ ಹಿಡಿದು ಇಳಿದುಹೋದ. ಅವಳು ಬೂದಿಯನ್ನು ಎದೆಗೊತ್ತಿಕೊಂಡು ಗುಡ್ಡದ ಕಡೆ ತಿರುಗಿದಳು. ಅಲ್ಲಿ ಹೊಗೆ ಏಳುತ್ತಿತ್ತು.

"ಹೋಗೇ ಬೂದಿ... ಅಲ್ಲಿಗೆ ಹೋಗೇ!"

ಬೀಸಿ ಎಸೆದಳು. ಹಕ್ಕಿ ಒಂದು ಸುತ್ತು ಹೊಡೆದು ಅವಳ ಭುಜಕ್ಕೇ ಬಂದು ಕೂತಿತು. ಮತ್ತೆ ಎಸೆದಳು. ಮತ್ತೆ ಬಂತು. ಹೋಗಲಾರದೆಂದು ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳೇ. ಆದರೂ ಎಸೆಯುತ್ತಲೇ ಇದ್ದಳು.

"ಸಾಕು ಪುಟ್ಟಿ!" ದೊಡ್ಡಮ್ಮ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ಆ ಮೂಕಪ್ರಾಣಿ ಏನು ಮಾಡುತ್ತೆ ಹೇಳು?"

"ಬಾ ಅಂತ ಅನ್ನಲಿಲ್ಲ ದೊಡ್ಡಮ್ಮ ನಾನು... ಬಾ ಅಂತ ಒಂದು ಮಾತು ಅನ್ನಲಿಲ್ಲ!"

ಆ ದಿನಗಳನ್ನು ಅವಳು ಹೇಗೆ ಕಳೆದಳೋ. ಗೂಡು ಗುಡಿಸಿದಳು, ಕಾಳು ಹಾಕಿದಳು. ಊಟದ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿದಳು. ಹೊಳೆ ತನಗೆ ಬೇಕಾದಾಗ ಇಳಿಯಿತು, ಯಾರ ಕಣ್ಣೀರನ್ನೂ ಕೇಳಲಿಲ್ಲ.

ಕೊನೆಗೆ ದೋಣಿಗಳು ಹೋದವು. ಬದುಕಿದವರನ್ನು ತಂದರಂತೆ. ಕೆಲವರೇ ಅಂತೆ. ಹೋಗಿ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಒಂದು ಹೆಜ್ಜೆ, ಒಂದು ನಿಲುಗಡೆ.

ಬಾಗಿಲಲ್ಲಿ ಅವನು! ತಲೆ, ಕಿವಿಗೆಲ್ಲ ಸುತ್ತಿದ ಬಟ್ಟೆ, ಒಣಗಿದ ಮುಖ. ಹೊಸ್ತಿಲಾಚೆಯೇ ನಿಂತಿದ್ದ.

"ಹಕ್ಕಿ ಬಂತಾ?" ಅವನು ಕೂಗಿದ.

ಯಾಕೆ ಕೂಗುತ್ತಾನೆ? "ಬಂತು," ಎಂದಳು ಅವಳು.

"ಶೆಲ್ ಪಕ್ಕದಲ್ಲೇ ಬಿತ್ತು! ಕಿವಿ ಕೇಳಿಸಲ್ಲ! ಇನ್ನು ಕೇಳಿಸೋದೂ ಇಲ್ಲವಂತೆ!"

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

"ಹಸಿವಿಗೆ ಹುಡುಗರು ಬೂದೀನ ಸುಟ್ಟು ತಿನ್ನೋಣ ಅಂದ್ರು! ತಪ್ಪು ಅವರದಲ್ಲ! ಅದಕ್ಕೇ ಬಿಟ್ಟುಬಿಟ್ಟೆ! ಖಾಲಿ ಹೊಟ್ಟೇಲಿ ಬಿಟ್ರೆ ದಾರೀಲಿ ಬೀಳ್ತಿತ್ತು, ಅಷ್ಟು ಸೊರಗಿತ್ತು! ನಿಮ್ಮ ಮಾತು ಮೀರಿದ್ದು ಅದಕ್ಕೇ!"

ಕೆಳಗೆ ಇಸ್ತ್ರಿ ಪೆಟ್ಟಿಗೆಯ ಸದ್ದು ನಿಂತಿತು. ಬೀದಿಯಲ್ಲೂ ಯಾರೋ ನಿಂತು ಮೇಲೆ ನೋಡಿದರು.

"ಚೀಟಿ ಯಾಕೆ ಬರೆಯಲಿಲ್ಲ ಗೊತ್ತಾ? ಹೇಳೋಕೆ ಉಳಿದಿದ್ದು ಒಂದೇ ಮಾತು! ನಿಮ್ಮನ್ನ ಕಂಡ್ರೆ ನಂಗೆ ಪ್ರಾಣ! ಅದನ್ನ ಬರೆದ್ರೆ ಕ್ಯಾಪ್ಟನ್ ಓದಿಬಿಡ್ತಾರಲ್ಲ!"

ಕ್ಯಾಪ್ಟನ್ ಕೆಳಗಿನ ಮೇಜಿನಿಂದ ಎದ್ದು ನಿಂತು, ಮಹಡಿಯತ್ತ ನೋಡಿ ಮೆಲ್ಲನೆ ಟೋಪಿ ತೆಗೆದ. ಇಡೀ ಬೀದಿ ಕೇಳಿಸಿಕೊಂಡಿತ್ತು. ಹೇಳಿದವನೊಬ್ಬನಿಗೆ ಕೇಳಿಸಿರಲಿಲ್ಲ.

ಅವನ ಕಣ್ಣಲ್ಲಿ ಅದೇ ಹಳೆಯ ಪ್ರಶ್ನೆ. "ನಿಮ್ಮ ಹಕ್ಕಿಗಳೆಲ್ಲ ಬಂದ್ವಲ್ಲ... ಈಗ ನೋಡೋಣ್ವಾ?"

ಈಗಲೂ ಉತ್ತರ ಅವನಿಗೆ ತಲುಪುವ ಹಾಗಿಲ್ಲವಲ್ಲ! ಅವಳು ಹತ್ತಿರ ಹೋಗಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನತ್ತ ತಿರುಗಿಸಿಕೊಂಡಳು. ತುಟಿಗಳೆರಡನ್ನೂ ಕೂಡಿಸಿ, ನಿಧಾನವಾಗಿ ತೆರೆದಳು.

"ಬಾ."

ಅವನು ಆ ತುಟಿಗಳನ್ನೇ ನೋಡುತ್ತಾ ನಿಂತ. ಕಣ್ಣಿಂದ ನೀರು ಇಳಿಯಿತು.

"ಇನ್ನೊಂದ್ಸಲ."

"ಬಾ."

"ಇನ್ನೊಂದೇ ಒಂದ್ಸಲ."

"ಕಿವಿ ಹೋದ್ರೂ ತಲೆಹರಟೆ ಹೋಗಲಿಲ್ಲ ನಿನಗೆ!" ಅಳುತ್ತಲೇ ಅವಳು ಅವನ ಕೈ ಹಿಡಿದು ಹೊಸ್ತಿಲೊಳಗೆ ಎಳೆದುಕೊಂಡಳು.

"ಬೈದೆ ಅಲ್ವಾ?" ಅವನು ಮೊದಲ ಸಲ ಮೆಲ್ಲಗೆ ಮಾತಾಡಿದ. "ಬೈಯಿ. ಇಲ್ಲೇ ಇರ್ತೀನಿ."