ಹಲಗೆಯಾಚೆ ನಕ್ಕವಳು

ಒಂದು ಯೂನಿಫಾರ್ಮ್ ಅಂಗಿಗೆ ತಗಲುವುದು ಒಂದೂಕಾಲು ಮೀಟರ್ ಬಟ್ಟೆ, ಏಳು ಗುಂಡಿ, ನೂರು ಮೀಟರ್ ದಾರ, ಒಂದು ಗಂಟೆಯ ಬೆನ್ನುನೋವು. ಮೂವತ್ತು ಅಂಗಿ ಮುಗಿಯುವಷ್ಟರಲ್ಲಿ ಎರಡು ಸೂಜಿ ಮುರಿಯುತ್ತವೆ. ಬಟ್ಟೆಯನ್ನು ಜಾಣತನದಿಂದ ಹಾಸಿ ಕತ್ತರಿಸಿದರೆ ಹತ್ತು ಅಂಗಿಯ ಬಟ್ಟೆಯಲ್ಲಿ ಹನ್ನೊಂದನೆಯದು ಹುಟ್ಟುತ್ತದೆ. ಅದೇ ಲಾಭ.

ಇಷ್ಟನ್ನೂ ಟೈಲರಮ್ಮ ಪೆನ್ನು ಮುಟ್ಟದೆ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಲೆಕ್ಕ ಹಾಕುತ್ತಿದ್ದಳು. ಹತ್ತನೇ ಕ್ಲಾಸಿನ ಗಣಿತದಲ್ಲಿ ಮಾತ್ರ ಮೂರು ಸಲ ಫೇಲು. ಪ್ರಶ್ನೆಪತ್ರಿಕೆ ಕೈಗೆ ಬಂದರೆ ಸಾಕು, ಬೆರಳು ತಣ್ಣಗಾಗುತ್ತಿದ್ದವು.

ಶಾಲೆಯವರು ಅಳತೆ ತೆಗೆಯಲು ಅವಳಿಗೆ ಕೊಟ್ಟದ್ದು ಎಂಟನೇ ಕ್ಲಾಸಿನ ಪಕ್ಕದ ಉಗ್ರಾಣ. ಮುರಿದ ಬೆಂಚು, ಹಳೇ ಭೂಪಟ, ಒಂದು ಕಿಟಕಿ. ಎರಡು ಕೋಣೆಗಳ ನಡುವೆ ಗೋಡೆಯಿಲ್ಲ, ಬರೀ ಮರದ ಹಲಗೆ. ಆಚೆ ಚಾಕ್‌ಪೀಸು ಬಿದ್ದರೆ ಈಚೆ ಕೇಳುತ್ತಿತ್ತು.

ಆಚೆಯಿಂದ ಬರುತ್ತಿದ್ದ ಗಂಡಸಿನ ಧ್ವನಿ ಚೆನ್ನಾಗಿತ್ತು. ಒಳ್ಳೆಯ ಬಟ್ಟೆಯನ್ನು ಬೆರಳಲ್ಲಿ ಉಜ್ಜಿದ ಹಾಗೆ.

"ಏಳಮ್ಮ. ಇದನ್ನ ಭಾಗಿಸು. ಬರಲ್ವಾ? ನಿನ್ನ ತಲೆಯೊಳಗೆ ಎಷ್ಟು ಜಾಗ ಖಾಲಿ ಇದೆ ಗೊತ್ತಾ? ಬಾಡಿಗೆಗೆ ಕೊಟ್ಟರೆ ನಿಮ್ಮನೆ ಖರ್ಚು ಕಳೆಯುತ್ತೆ."

ಮಕ್ಕಳು ಹೋ ಎಂದು ನಕ್ಕರು. ಟೈಲರಮ್ಮನಿಗೂ ತಡೆಯಲಾಗಲಿಲ್ಲ. ಬಾಯಲ್ಲಿದ್ದ ಸೂಜಿ ಉದುರಿತು, ನಗು ಹಲಗೆ ದಾಟಿತು. ಎದ್ದು ನಿಂತಿದ್ದ ಹುಡುಗಿ ಯಾರೆಂದು ಅವಳಿಗೆ ಕಾಣಿಸಲಿಲ್ಲ. ಕಾಣಬೇಕೆಂದು ಅನ್ನಿಸಲೂ ಇಲ್ಲ.

ಬೆಲ್ ಹೊಡೆದ ಮೇಲೆ ಮೇಷ್ಟ್ರು ಹಲಗೆ ಸುತ್ತಿ ಬಂದರು. ಮೂವತ್ತರ ಆಸುಪಾಸು, ತೋಳಿನ ಮೇಲೆ ಚಾಕಿನ ಪುಡಿ, ಒಂದೇ ಕಡೆ ಮೇಲೇಳುವ ತುಟಿ.

"ಈ ಕಡೆ ಯಾರೋ ನಕ್ಕರಲ್ಲ?"

"ನಕ್ಕಿದ್ದಕ್ಕೆ ಫೀಸು ಕಟ್ಟಬೇಕಾ ಸರ್?"

"ಮಕ್ಕಳು ಹೆದರಿ ನಗ್ತಾರೆ. ಮನಸಾರೆ ನಕ್ಕವರು ನೀವೊಬ್ಬರೇ. ಒಂದು ಶರ್ಟು ಹೊಲಿಸಿಕೊಳ್ಳೋಣ ಅಂತ ಬಂದೆ."

ಅವಳು ಟೇಪನ್ನು ಅವನ ಕುತ್ತಿಗೆಗೆ ಸುತ್ತಿದಳು. ಅಳತೆ ಓದಲು ಒಂದು ಕ್ಷಣ ಸಾಕು. ಅವಳು ಮೂರು ತೆಗೆದುಕೊಂಡಳು. "ಹದಿನೈದೂವರೆ. ಸೊಕ್ಕಿನ ಕುತ್ತಿಗೆ, ಅರ್ಧ ಇಂಚು ಸಡಿಲ ಬಿಡಬೇಕು."

"ಸೊಕ್ಕಿಗೆ ಎಕ್ಸ್‌ಟ್ರಾ ಚಾರ್ಜಾ?"

"ಅದನ್ನ ಶರ್ಟು ಹಾಕ್ಕೊಂಡು ಬಂದಾಗ ಹೇಳ್ತೀನಿ."

ಅವನು ಶರ್ಟು ಹಾಕಿಕೊಂಡು ಬಂದ. ಗುಂಡಿ ಸಡಿಲವಾಗಿದೆ ಎಂದು ಮರುದಿನ ಬಂದ. ಗುಂಡಿ ಗಟ್ಟಿಯಾಗಿಯೇ ಇತ್ತು. ಆಮೇಲೆ ನೆಪ ಹುಡುಕುವುದನ್ನು ಬಿಟ್ಟು ದಿನವೂ ಸಂಜೆ ಅಂಗಡಿಗೆ ಬರತೊಡಗಿದ. ಅವಳು ಮೆಷಿನ್ ತುಳಿಯುತ್ತಿದ್ದರೆ ಎದುರಿನ ಸ್ಟೂಲಿನಲ್ಲಿ ಕೂತು ಅವಳ ಪಾದವನ್ನೇ ನೋಡುತ್ತಿದ್ದ. ಅವಳ ಹೊಲಿಗೆ ಸೊಟ್ಟಗಾಗುತ್ತಿತ್ತು.

"ಅತ್ತ ನೋಡಿ ಮೇಷ್ಟ್ರೇ. ಮಕ್ಕಳ ಲಂಗ ಹಾಳಾಗುತ್ತೆ."

"ಅತ್ತ ಗೋಡೆ ಇದೆ."

"ಗೋಡೆನೇ ನೋಡಿ. ಅದು ನಾಚಿಕೊಳ್ಳಲ್ಲ."

ಎರಡನೇ ತಿಂಗಳು ಅವನು ಮದುವೆಯ ಮಾತೆತ್ತಿದ. ಮುಚ್ಚಿಡುವುದು ಬೇಡವೆಂದು ಅವಳು ಮೂರು ಫೇಲಿನ ಕಥೆ ಹೇಳಿದಳು. ಅವನು ನಕ್ಕ. "ಗಣಿತ ಮೇಷ್ಟ್ರ ಹೆಂಡತಿ ಗಣಿತದಲ್ಲೇ ಫೇಲಾ? ಸ್ಟಾಫ್‌ರೂಮಿನಲ್ಲಿ ನನ್ನ ಮಾನ ಉಳಿಯುತ್ತಾ? ನಾನೇ ಹೇಳಿಕೊಡ್ತೀನಿ. ಈ ಸಲ ಪಾಸಾಗು, ಮುಂದಿನ ತಿಂಗಳೇ ಮದುವೆ. ನಮ್ಮ ಶಾಲೆಯಲ್ಲಿ ಹೊಲಿಗೆ ಟೀಚರ್ ಕೆಲಸವೂ ಖಾಲಿ ಇದೆ. ಹತ್ತನೇದು ಪಾಸಾಗಿದ್ದರೆ ಸಾಕು."

ಒಂದು ಪರೀಕ್ಷೆ, ಅದರ ಹಿಂದೆ ಒಂದು ಕೆಲಸ, ಒಬ್ಬ ಗಂಡ. ಅವಳು ಆಸೆಯಿಂದಲೇ ನೋಟ್‌ಬುಕ್ ಕೊಂಡಳು.

ಮೊದಲ ವಾರ ತಪ್ಪು ಮಾಡಿದರೆ ಕೆನ್ನೆಗೆ ಚಾಕ್ ಬಳಿಯುತ್ತಿದ್ದ. ಎರಡನೇ ವಾರ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕತೊಡಗಿದ. ಮೂರನೇ ವಾರ ಭಿನ್ನರಾಶಿ ಬಂತು.

"ಆರನ್ನ ಮೂರು ಬೈ ನಾಲ್ಕರಿಂದ ಭಾಗಿಸು. ಮೂರು ಬೈ ನಾಲ್ಕನ್ನ ತಲೆಕೆಳಗು ಮಾಡಿ ಗುಣಿಸಬೇಕು."

"ಭಾಗಿಸು ಅಂದ್ರಿ. ಮತ್ತೆ ಯಾಕೆ ಗುಣಿಸೋದು?"

"ರೂಲು."

"ತಲೆಕೆಳಗು ಯಾಕೆ?"

"ರೂಲು ಅಂದ್ರೆ ರೂಲು."

"ಅಲ್ಲ, ಯಾಕೆ ಅಂತ ಗೊತ್ತಾದ್ರೆ ಮರೆಯಲ್ಲ ನೋಡಿ…"

ಅವನ ತುಟಿ ಒಂದು ಕಡೆ ಮೇಲೆದ್ದಿತು. ಬಾಯಿಂದ ಹೊರಟದ್ದು ಹಲಗೆಯಾಚೆಯ ಧ್ವನಿ. "ನಿಮ್ಮ ಮನೆತನಕ್ಕೇ ತಲೆಯಲ್ಲಿ ಜಾಗ ಖಾಲಿ ಇದೆ ಅಂತ ಕಾಣುತ್ತೆ. ಎಲ್ಲರೂ ಸೇರಿ ಬಾಡಿಗೆಗೆ ಕೊಡಿ."

ಅವಳು ಪೆನ್ಸಿಲ್ ಕೆಳಗಿಟ್ಟಳು. "ಮನೆತನ ಅಂದ್ರೆ?"

"ಆ ದಿನ ನಾನು ಎಬ್ಬಿಸಿ ನಿಲ್ಲಿಸಿದ್ದು ನಿನ್ನ ಅಕ್ಕನ ಮಗಳನ್ನೇ ಅಲ್ವಾ? ಇಲ್ಲಿ ನಿನ್ನ ಅಂಗಡಿಯಲ್ಲಿ ನೋಡಿದ ಮೇಲೆ ಗೊತ್ತಾಯ್ತು. ಎಷ್ಟು ನಕ್ಕಿದ್ದೆ ನೀನು!" ಹಳೆಯ ಸಿಹಿ ನೆನಪು ಹೇಳುವವನ ಹಾಗೆ ಅವನು ಅವಳ ಕೈ ಸವರಿದ.

ಅಕ್ಕನ ಮಗಳಿಗೆ ಮನೆಯಲ್ಲಿ ಬಟಾಣಿ ಎಂದು ಹೆಸರು. ಹುಟ್ಟಿದಾಗ ಅಷ್ಟೇ ಇದ್ದಳಂತೆ. ರಜೆಯ ದಿನ ಬಂದು ಚಿಕ್ಕಮ್ಮನಿಗೆ ಗುಂಡಿ ಹಾಕಿಕೊಡುತ್ತಿದ್ದಳು. ಕೆಲವು ತಿಂಗಳಿಂದ ಮಾತು ಕಡಿಮೆಯಾಗಿತ್ತು. ವಯಸ್ಸು ಎಂದು ಅಕ್ಕ ಹೇಳಿದ್ದಳು.

ಮುಂದಿನ ರಜೆಯ ದಿನ ಟೈಲರಮ್ಮ ಅವಳ ಅಳತೆ ತೆಗೆದಳು. ಹೋದ ವರ್ಷಕ್ಕಿಂತ ಎರಡು ಇಂಚು ಎತ್ತರ. ಬೆನ್ನಿನ ಉದ್ದವೂ ಬೆಳೆದಿತ್ತು. ಮುಂದೆ, ಕುತ್ತಿಗೆಯಿಂದ ಸೊಂಟಕ್ಕೆ, ಅರ್ಧ ಇಂಚು ಕಡಿಮೆ. ಅವಳು ಎರಡನೇ ಸಲ ಅಳೆದಳು. ತಲೆ ತಗ್ಗಿಸಿಯೇ ಇರುವವರ ಅಳತೆ ಅದು. ಮುದುಕರಲ್ಲಿ ನೋಡಿದ್ದಳು, ಹದಿಮೂರರಲ್ಲಿ ನೋಡಿರಲಿಲ್ಲ.

"ಬಟಾಣಿ, ಆ ದಿನ ಕ್ಲಾಸಲ್ಲಿ…"

"ನೀನು ನಕ್ಕಿದ್ದು ಕೇಳಿಸ್ತು ಚಿಕ್ಕಮ್ಮ." ಹುಡುಗಿ ಗುಂಡಿಗಳ ಡಬ್ಬಿಯಿಂದ ತಲೆ ಎತ್ತಲಿಲ್ಲ. "ನಿನ್ನ ನಗು ನಂಗೆ ಗೊತ್ತಾಗಲ್ವಾ?"

ಟೈಲರಮ್ಮನಿಗೆ ಏನಾದರೂ ಕೊಡಬೇಕೆನಿಸಿತು, ಕೊಡಲು ಏನೂ ಇರಲಿಲ್ಲ. ಕೈ ತಾನಾಗಿ ಬಟ್ಟೆಯ ಕಡೆ ಹೋಯಿತು. ಆರು ಮೀಟರ್ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದಳು.

"ಒಂದು ಚಡ್ಡಿಗೆ ಮುಕ್ಕಾಲು ಮೀಟರ್. ಇದರಲ್ಲಿ ಎಷ್ಟು ಚಡ್ಡಿ?"

"ಗೊತ್ತಿಲ್ಲ."

"ಒಂದು ಮೀಟರಲ್ಲಿ ಎಷ್ಟು ಕಾಲು ಮೀಟರ್?"

"ನಾಲ್ಕು."

"ಆರು ಮೀಟರಲ್ಲಿ?"

"ಆರ್ನಾಲ್ಕು ಇಪ್ಪತ್ನಾಲ್ಕು."

"ಒಂದು ಚಡ್ಡಿ ಅಂಥ ಮೂರು ಕಾಲು ತಿನ್ನುತ್ತೆ."

"ಎಂಟು!" ಬಟಾಣಿ ತಲೆ ಎತ್ತಿದಳು. "ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸಿದ್ವಿ. ಅದೇ ತಲೆಕೆಳಗು! ಮೂರು ಬೈ ನಾಲ್ಕು ಅಂದ್ರೆ ನಮ್ಮ ಮುಕ್ಕಾಲೇನಾ? ಯಾರೂ ಹೇಳಲೇ ಇಲ್ವಲ್ಲ!"

ಟೈಲರಮ್ಮ ಕತ್ತರಿ ಹಿಡಿದು ಹಾಗೆಯೇ ನಿಂತಳು. ಅವಳಿಗೂ ಅದು ಆಗಲೇ ಹೊಳೆದದ್ದು. ಹದಿನೈದು ವರ್ಷದಿಂದ ಅವಳು ಕತ್ತರಿಸುತ್ತಿದ್ದದ್ದು ಅದೇ ಲೆಕ್ಕವನ್ನು.

ಇದನ್ನು ಮೇಷ್ಟ್ರಿಗೆ ಹೇಳಬೇಕು ಎಂದು ಮನಸ್ಸು ಕುಣಿಯಿತು. ಅವನ ಮುಖ ಅರಳುವುದನ್ನು ನೋಡಬೇಕು. ಅಷ್ಟೆಲ್ಲ ಕೇಳಿಸಿಕೊಂಡ ಮೇಲೂ ಅವಳು ಅವನನ್ನು ಪ್ರೀತಿಸುತ್ತಿದ್ದಳು.

ಹೇಳುವ ಅವಕಾಶ ಬರಲಿಲ್ಲ. ಮರುದಿನ ಅವಳು ಉಗ್ರಾಣದಲ್ಲಿ ಅಂಗಿಗಳನ್ನು ವಿಂಗಡಿಸುತ್ತಿದ್ದಾಗ ಆಚೆಯಿಂದ ಧ್ವನಿ ಬಂತು.

"ಏನಿದು, ಉತ್ತರಪತ್ರಿಕೆಯಲ್ಲಿ ಚಡ್ಡಿ? ಇಲ್ಲಿ ಯಾರು ಚಡ್ಡಿ ಕೇಳಿದ್ರು? ಸ್ಟೆಪ್ ಇಲ್ಲ, ಸೊನ್ನೆ."

"ಉತ್ತರ ಸರಿ ಇದೆಯಲ್ಲ ಸರ್." ಬಟಾಣಿಯ ಧ್ವನಿ ತೆಳ್ಳಗಿತ್ತು, ಆದರೆ ಇತ್ತು. "ಯಾಕೆ ತಲೆಕೆಳಗು ಅಂತ ಚಿಕ್ಕಮ್ಮ ತೋರಿಸಿದ್ರು."

"ಓಹೋ! ಚಿಕ್ಕಮ್ಮ! ಮೂರು ಸಲ ಡುಮ್ಕಿ ಹೊಡೆದ ಮಹಾಪಂಡಿತೆ. ಬೆಂಚು ಹತ್ತು. ಚಡ್ಡಿ ಲೆಕ್ಕ ಎಲ್ಲರಿಗೂ ಕಾಣಲಿ."

ಮಕ್ಕಳು ನಕ್ಕರು.

ಅಂದು ಅವನು ಬಂದಂತೆಯೇ ಇಂದು ಅವಳು ಹಲಗೆ ಸುತ್ತಿ ಹೋದಳು. ಕೊರಳಲ್ಲಿ ಟೇಪು ಹಾಗೆಯೇ ಇತ್ತು. ಬಟಾಣಿ ಬೆಂಚಿನ ಮೇಲೆ ನಿಂತಿದ್ದಳು. ಅವನು ಟೈಲರಮ್ಮನೇ ಹೊಲಿದ ಶರ್ಟು ಹಾಕಿದ್ದ.

"ಈ ಕಡೆ ಒಬ್ಬರು ನಗಲಿಲ್ಲ ಸರ್," ಎಂದಳು. "ತಲೆಕೆಳಗು ಯಾಕೆ ಮಾಡ್ತಾರೆ? ಹೇಳಿ, ನಾನೂ ಕೂತು ಕೇಳ್ತೀನಿ."

"ಇದು ಕ್ಲಾಸು. ಆಮೇಲೆ ಮಾತಾಡೋಣ."

"ರೂಲು ಬೇಡ. ಯಾಕೆ ಅಂತ ಹೇಳಿ."

ಅವನು ಬೋರ್ಡಿನ ಕಡೆ ತಿರುಗಿದ. ಚಾಕ್ ಎತ್ತಿದ. ಚಾಕ್ ಬೋರ್ಡಿಗೆ ತಾಗಿ ನಿಂತಿತು, ಮುಂದೆ ಹೋಗಲಿಲ್ಲ. ನಲವತ್ತು ಮಕ್ಕಳು ಅವನ ಬೆನ್ನನ್ನು ನೋಡುತ್ತಿದ್ದರು.

ಅವಳು ಅಲ್ಲಿಗೇ ಬಿಡಬಹುದಿತ್ತು.

"ಗೊತ್ತಿಲ್ವಾ? ಹಾಗಾದ್ರೆ ತಲೆಯಲ್ಲಿ ಜಾಗ ಖಾಲಿ ಇರಬೇಕು. ಬಾಡಿಗೆಗೆ ಕೊಡಿ ಮೇಷ್ಟ್ರೇ, ಖರ್ಚು ಕಳೆಯುತ್ತೆ."

ಕ್ಲಾಸು ಸಿಡಿಯಿತು. ಮಕ್ಕಳು ಬೆಂಚು ಬಡಿದು ನಕ್ಕರು. ಈ ಸಲ ಹೆದರಿ ನಕ್ಕದ್ದಲ್ಲ. ಅವನ ಹೆಗಲು ಕುಸಿದದ್ದು ಟೈಲರಮ್ಮನ ಕಣ್ಣಿಗೆ ಅಳತೆ ಸಮೇತ ಕಂಡಿತು. ಅರ್ಧ ಇಂಚು. ಬೆಂಚಿನ ಮೇಲೆ ನಿಂತ ಬಟಾಣಿ ಮಾತ್ರ ನಗಲಿಲ್ಲ. ಚಿಕ್ಕಮ್ಮನನ್ನು ನೋಡಿದಳು, ಆಮೇಲೆ ನೆಲ ನೋಡಿದಳು.

ಸಂಜೆ ಅವನು ಅಂಗಡಿಗೆ ಬಂದ. ಸ್ಟೂಲಿನಲ್ಲಿ ಕೂರಲಿಲ್ಲ.

"ನಂಗೂ ಯಾರೂ ಹೇಳಿಕೊಡಲಿಲ್ಲ," ಎಂದ. "ಏಳನೇ ಕ್ಲಾಸಲ್ಲಿ ಇದನ್ನೇ ಕೇಳಿದ್ದೆ. ಡಸ್ಟರಿನಿಂದ ಬೆರಳಿನ ಗೆಣ್ಣಿಗೆ ಬಿತ್ತು. ಕ್ಲಾಸೆಲ್ಲ ನಕ್ಕಿತು. ಆಮೇಲೆ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೇ ಫಸ್ಟ್ ಕ್ಲಾಸ್ ಬಂತು."

ಅವಳು ಎದ್ದು ಬಟ್ಟೆ ಹಾಸಿದಳು. ಕಾಲು ಮೀಟರಿಗೊಂದು ಗೆರೆ ಎಳೆದಳು. ಅವನು ಮಗುವಿನಂತೆ ಬೆರಳಿಟ್ಟು ಎಣಿಸಿದ. ಮೂರು ಮೂರಾಗಿ ಎಂಟು ಬಂದಾಗ ಅವನ ಮುಖ ಅರಳಿತು. ಅವಳು ನೋಡಬೇಕೆಂದು ಆಸೆಪಟ್ಟಿದ್ದ ಮುಖವೇ ಅದು.

"ಇಷ್ಟೇನಾ?"

"ಇಷ್ಟೇ."

"ಟೈಲರಮ್ಮ, ನಿನ್ನ ಬಿಟ್ಟು ನಂಗೆ ಆಗಲ್ಲ. ಪರೀಕ್ಷೆ ಗಿರೀಕ್ಷೆ ಬೇಡ. ಈ ತಿಂಗಳೇ ಮದುವೆ ಆಗೋಣ."

ಅವಳು ಅವನ ಕಾಲರಿನ ಮೇಲಿದ್ದ ಚಾಕಿನ ಪುಡಿ ಒರೆಸಿದಳು. ಬೆರಳು ಒಂದು ಕ್ಷಣ ಅಲ್ಲೇ ನಿಂತಿತು.

"ಬೇಡ ಮೇಷ್ಟ್ರೇ."

"ನಂದು ತಪ್ಪಾಯ್ತು, ಒಪ್ಕೋತೀನಿ."

"ನಿಮ್ಮ ತಪ್ಪಿಗಲ್ಲ. ಇವತ್ತು ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು, ನೋಡಿದ್ರಾ? ಹೇಳುವಾಗ ಖುಷಿಯಾಯ್ತು ನಂಗೆ. ಮೂರು ತಿಂಗಳಲ್ಲಿ ನಿಮ್ಮ ಹತ್ರ ಚೆನ್ನಾಗಿ ಕಲಿತಿದ್ದು ಅದೊಂದೇ. ನಾಳೆ ನಮಗೊಂದು ಮಗು ಆಗಿ, ಅದು ಯಾಕೆ ಅಂತ ಕೇಳಿದ್ರೆ?"

ಅವನು ಹೋಗುವಾಗ ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿದ. ಅವಳು ಮೆಷಿನ್ ತುಳಿಯುತ್ತಿದ್ದಳು. ಸೂಜಿಯಲ್ಲಿ ದಾರವಿರಲಿಲ್ಲ.

ಆ ಸಲ ಅವಳು ನಲವತ್ತೊಂದು ಅಂಕ ತೆಗೆದು ಪಾಸಾದಳು. ಹೊಲಿಗೆ ಟೀಚರ್ ಕೆಲಸ ಸಿಕ್ಕಿತು. ಅದೇ ಉಗ್ರಾಣವೇ ಅವಳ ಕ್ಲಾಸು. ಹಲಗೆಯಾಚೆ ಅವನು ಈಗ ಜೋಕು ಹೇಳುವುದಿಲ್ಲ. "ತಿರುಗಿಸಿ, ಗುಣಿಸಿ, ಬರ್ಕೊಳ್ಳಿ," ಎನ್ನುತ್ತಾನೆ. ಪೋರ್ಷನ್ ಮುಗಿಸಬೇಕು, ಬಟ್ಟೆ ಹಾಸಿ ತೋರಿಸಲು ಅವನಿಗೆ ಪುರುಸೊತ್ತಿಲ್ಲ.

ಅವಳಿಗೆ ಸಿಕ್ಕಿದ್ದು ನಲವತ್ತೊಂದು ಅಂಕ ಮತ್ತು ಒಂದು ಕೆಲಸ. ಹೋದದ್ದು ಅವನು. ಬಟಾಣಿಯ ಒಂಬತ್ತನೇ ಕ್ಲಾಸಿನ ಅಂಗಿಗೆ ಅಳತೆ ತೆಗೆದಾಗ, ಮುಂಭಾಗ ಇನ್ನೂ ಅರ್ಧ ಇಂಚು ಕಡಿಮೆಯೇ ಇತ್ತು.