ಪ್ರಿಂಟರ್ ನುಂಗಿದ ಅಂಕಿ

ನನ್ನ ಬಲಗೈ ಪ್ರಿಂಟರಿನ ಮುಚ್ಚಳದ ಕೆಳಗಿತ್ತು. ಮುಚ್ಚಳದ ಮೇಲೆ ಗೂಳಿಯ ಮೊಣಕಾಲಿತ್ತು.

ಗೂಳಿ ಎಂದರೆ ಕಾರ್ಖಾನೆಯ ಸೆಕ್ಯುರಿಟಿ ಮುಖ್ಯಸ್ಥ. ನೂರಹತ್ತು ಕೆಜಿ ಆಸಾಮಿ. ಪೂರ್ತಿ ಭಾರವನ್ನು ಅವನಿನ್ನೂ ಹಾಕಿರಲಿಲ್ಲ.

"ಆ ಕಾಗದ ಎಲ್ಲಿ?"

"ಯಾವ ಕಾಗದ?"

ಮೊಣಕಾಲು ಒತ್ತಿತು. ತೋರುಬೆರಳು ಲಟಕ್ಕೆಂದಿತು! ನೋವಾಗಬೇಕಿತ್ತು... ಆಗಲಿಲ್ಲ. ಭಾವ ಸತ್ತ ದಿನದಿಂದ ನನಗೆ ಯಾವುದೂ ನಾಟುತ್ತಿರಲಿಲ್ಲ.

ಮ್ಯಾನೇಜರ್ ಗಡಿಯಾರ ನೋಡಿದ. ಬೆಳಗಿನ ಹನ್ನೊಂದೂವರೆ. ಹನ್ನೆರಡಕ್ಕೆ ವಿಚಾರಣೆ.

"ನಿನ್ನನ್ನ ಕರೆಸಿದ್ದು ಹಳೇ ಪ್ರೋಗ್ರಾಮ್ ಅಳಿಸೋಕೆ. ಓದೋಕಲ್ಲ!"

"ಓದದೆ ಅಳಿಸಿ ಅಭ್ಯಾಸ ಇಲ್ಲ ಸಾರ್."

"ಇದು ಹೊರಗೆ ಬಂದ್ರೆ ಮೊದಲು ಮುಳುಗೋನು ನೀನೇ. ನೆನಪಿರಲಿ."

ನೆನಪಿತ್ತು. ಆದರೆ ಅವನಿಗೆ ಗೊತ್ತಿಲ್ಲದ ಸಂಗತಿಯೂ ಒಂದಿತ್ತು. ಬಾಯ್ಲರ್ ಸಿಡಿದು ಈ ಕಂಟ್ರೋಲ್ ರೂಮಿನ ಗೋಡೆಯಡಿ ಸತ್ತ ಆಪರೇಟರ್ ನನ್ನ ಅಕ್ಕನ ಗಂಡ.

ಡ್ಯೂಟಿಯಲ್ಲಿ ಮಲಗಿದ್ದ, ಅದಕ್ಕೇ ಸಿಡಿಯಿತು... ಇದು ಕಾರ್ಖಾನೆಯ ವರದಿ. ಇವತ್ತಿನ ವಿಚಾರಣೆಯಲ್ಲಿ ಸರ್ಕಾರಿ ಅಧಿಕಾರಿ ಸಹಿ ಹಾಕಿದರೆ ಅದೇ ಸತ್ಯ. ಅಕ್ಕ ಬದುಕಿರುವಷ್ಟು ಕಾಲ ಆ ಮಾತು ಕೇಳಿಸಿಕೊಳ್ಳಬೇಕು.

ಎಡಗೈಗೆ ಕಾಗದ ಬಿಡುವ ಬಟನ್ ತಗುಲಿತು. ಒತ್ತಿ ಹಿಡಿದೆ.

ಕಾಗದ ಬುಸುಗುಡುತ್ತಾ ಚಿಮ್ಮಿ ಗೂಳಿಯ ಮುಖಕ್ಕೆ ಹೊಡೆಯಿತು! ಅವನು ತತ್ತರಿಸಿದ. ನಾನು ಕೈ ಎಳೆದುಕೊಂಡು, ಕುಸಿದ ಗೋಡೆಯ ಸಂದಿಯಲ್ಲಿ ನುಗ್ಗಿದೆ.

"ಹಿಡೀರೋ ಅವನನ್ನ!"

ಅಂಗಳ. ಕಬ್ಬಿಣದ ಮೆಟ್ಟಿಲು. ಹಿಂದಿನ ಗೇಟು. ಎರಡು ಬೀದಿ ಓಡಿದೆ. ಒಂದು ಸೈಕಲ್ಲಿಗೆ ಗುದ್ದಿ ಬಿದ್ದೆ, ಬೈಸಿಕೊಂಡೆ, ಎದ್ದೆ. ಗೂಳಿಯ ಕೈ ಕಾಲರಿಗೆ ಬೀಳುವಷ್ಟರಲ್ಲಿ ವಿಚಾರಣೆಯ ಕೋಣೆಯ ಬಾಗಿಲು ದೂಡಿದೆ.

ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. ಮೂಲೆಯ ಕುರ್ಚಿಯಲ್ಲಿ ಅಕ್ಕ.

ಅಂಗಿ ಎತ್ತಿ ಸೊಂಟಕ್ಕೆ ಸುತ್ತಿದ್ದ ಕಾಗದ ಬಿಚ್ಚಿದೆ. ಬೆಳಿಗ್ಗೆ ಪ್ರಿಂಟರಿನ ಹಿಂದಿನ ಟ್ರೇಯಲ್ಲಿ ಸಿಕ್ಕಿದ್ದು. ಬಾಯ್ಲರಿನ ಕೊನೆಯ ಗಂಟೆಯ ಲೆಕ್ಕ.

"ಏನಿದು?"

"ಒತ್ತಡ ತೋರಿಸೋ ಗೇಜು ಇರೋದು ಗೋಡೆಯ ಆ ಕಡೆ ಮೇಡಂ. ಆಪರೇಟರ್‌ಗೆ ಕಾಣ್ತಿದ್ದದ್ದು ಇದೊಂದೇ. ಈ ಹಳೇ ಕಂಪ್ಯೂಟರ್ ಭಾಷೆಲಿ ಸಾಲಿನ ಮೊದಲ ಅಕ್ಷರ ಅಚ್ಚಾಗಲ್ಲ. ಅದು ಪ್ರಿಂಟರ್‌ಗೆ ಕೊಡೋ ಆಜ್ಞೆ. ಖಾಲಿ ಇದ್ರೆ ಮುಂದಿನ ಸಾಲು. ಒಂದು ಅಂತಿದ್ರೆ ಹೊಸ ಪುಟ."

"ಅದಕ್ಕೇನೀಗ?"

"ಒತ್ತಡದ ಅಂಕಿಗೆ ಇಟ್ಟಿದ್ದು ಮೂರೇ ಜಾಗ. ಹಳೇ ಬಾಯ್ಲರ್ ತೊಂಬತ್ತೊಂಬತ್ತು ದಾಟ್ತಿರಲಿಲ್ಲ. ಮೊದಲ ಜಾಗ ಯಾವಾಗ್ಲೂ ಖಾಲಿ. ಹೊಸ ಬಾಯ್ಲರ್ ಅವತ್ತು ನೂರನಾಲ್ಕು ಮುಟ್ತು. ಪ್ರಿಂಟರ್ ಆ ಒಂದನ್ನ ಆಜ್ಞೆ ಅಂದ್ಕೊಂಡು ನುಂಗಿ, ಹೊಸ ಪುಟ ತೆಗ್ದು, ಉಳಿದಿದ್ದನ್ನ ಅಚ್ಚು ಹಾಕ್ತು."

ಮೇಜಿನ ಮೇಲೆ ಪುಟಗಳು ಹರಡಿದವು. ಒಂದರಲ್ಲಿ ಸಾಲಾಗಿ 94, 96, 98. ಮುಂದಿನ ಪುಟದ ತುದಿಯಲ್ಲಿ ಬರೀ 04. ಅದರ ಮುಂದಿನದರಲ್ಲಿ 12. ಆಮೇಲೆ 35.

04ರ ಪುಟದ ಅಂಚಿನಲ್ಲಿ ಭಾವನ ಪೆನ್ಸಿಲ್ ಅಕ್ಷರ. 'ಒತ್ತಡ ಬಿದ್ದಿದೆ. ಉರಿ ಏರಿಸಿದೆ.' ಅದರ ಕೆಳಗಿನ ಪುಟದಲ್ಲಿ, 'ಇನ್ನೂ ಕಮ್ಮಿ. ಮತ್ತೆ ಏರಿಸಿದೆ.' ಮೂವತ್ತೈದರ ಪಕ್ಕ ಏನೂ ಇರಲಿಲ್ಲ.

ಅಕ್ಕ ಎದ್ದು ಬಂದು ಆ ಅಕ್ಷರಗಳ ಮೇಲೆ ಕೈಯಿಟ್ಟಳು.

"ಅವ್ರು ಮಲಗಿರಲಿಲ್ಲ."

"ಇಲ್ಲಕ್ಕ. ಎಚ್ಚರವಾಗೇ ಇದ್ರು. ಕಾಗದ ನಂಬಿದ್ರು ಅಷ್ಟೇ."

ಅವಳು ಅತ್ತಳು. ನನಗೆ ಅಳು ಬರಲಿಲ್ಲ. ಎದೆಯೊಳಗೆ ಖಾಲಿ ಪುಟ.

ಅಧಿಕಾರಿ ಕಾರ್ಖಾನೆಯ ವರದಿಗೆ ಅಡ್ಡಗೆರೆ ಎಳೆದರು. ಬಾಗಿಲಲ್ಲಿ ಗೂಳಿ ಏದುಸಿರು ಬಿಡುತ್ತಿದ್ದ. ಅವನ ಹಿಂದೆ ಮ್ಯಾನೇಜರ್. ಅವನ ಮುಖದಲ್ಲಿ ಸಣ್ಣ ನಗು.

"ಮೇಡಂ, ಆ ಪ್ರೋಗ್ರಾಮ್ ಬರೆದಿದ್ದು ಯಾರು ಅಂತಾನೂ ಕೇಳಿ."

ಅಕ್ಕ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದಳು. "ಹೌದು ಕಣೋ. ಯಾರು ಆ ಪಾಪಿ?"

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಆ ಪ್ರೋಗ್ರಾಮ್ ನನ್ನ ಮೊದಲ ಕೆಲಸ. ಒಂದು ಖಾಲಿ ಜಾಗ ಹೆಚ್ಚು ಬಿಟ್ಟಿದ್ದರೆ ಸಾಕಿತ್ತು.

ಗೂಳಿ ಮುರಿದ ತೋರುಬೆರಳು ಮಡಚಲು ಬರುತ್ತಿರಲಿಲ್ಲ. ನನ್ನನ್ನೇ ತೋರಿಸಿಕೊಳ್ಳಲು ಅಷ್ಟು ಸಾಕಾಗಿತ್ತು.